ಖಳನಾಯಕನಿಗೂ ಬೇರೆ ದಾರಿ ಇತ್ತು: ಮನಸ್ಸು ಕಲಕುವ ಪ್ರತಿನಾಯಕನನ್ನು ಚಿತ್ರಕಥೆಯಲ್ಲಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಖಳನಾಯಕನ ಬಗ್ಗೆ ಪ್ರೇಕ್ಷಕರಿಗೆ ಕನಿಕರ ಹುಟ್ಟಬೇಕು ಎನ್ನಿಸಿದ ಕೂಡಲೇ ಬಹಳಷ್ಟು ಚಿತ್ರಕಥೆಗಾರರು ಅವನ ಬಾಲ್ಯಕ್ಕೆ ಕೈ ಹಾಕುತ್ತಾರೆ. ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ಮಳೆ ಸುರಿಯುತ್ತದೆ, ಕುಡಿದ ತಂದೆ ಬೆಲ್ಟು ಬೀಸುತ್ತಾನೆ, ಹುಡುಗ ಮೂಲೆಯಲ್ಲಿ ನಡುಗುತ್ತಾನೆ. ಮುಂದಿನ ದೃಶ್ಯದಲ್ಲಿ ಅದೇ ಹುಡುಗ ದೊಡ್ಡವನಾಗಿ ಮಚ್ಚು ಹಿಡಿದು ನಿಂತಿರುತ್ತಾನೆ. ಪ್ರೇಕ್ಷಕ ‘ಪಾಪ’ ಎಂದುಕೊಂಡು ಮರೆತುಬಿಡುತ್ತಾನೆ. ಪೆಟ್ಟು ಬಿತ್ತು, ಕೆಟ್ಟವನಾದ ಎಂಬ ಈ ಲೆಕ್ಕದಲ್ಲಿ ಆ ಮನುಷ್ಯ ಸ್ವತಃ ಏನನ್ನೂ ನಿರ್ಧರಿಸಿಲ್ಲ. ನಿರ್ಧರಿಸದವನ ಜೊತೆ ನಾವು ಒಳಗೊಳಗೇ ವಾದ ಮಾಡಲು ಸಾಧ್ಯವಿಲ್ಲ.

ನಮ್ಮನ್ನು ಕಾಡುವ ಖಳನಲ್ಲಿ ಬೇರೆಯದೇ ಒಂದು ಗುಣ ಇರುತ್ತದೆ. ಅವನು ತಪ್ಪು ಮಾಡುವ ಗಳಿಗೆಯಲ್ಲಿ ನಾವು ಅವನ ಪಕ್ಕದಲ್ಲೇ ಇರುತ್ತೇವೆ. ಅವನ ತರ್ಕ ನಮಗೆ ಅರ್ಥವಾಗುತ್ತದೆ, ಹಿಂದಿರುಗುವ ದಾರಿ ತೆರೆದಿರುವುದೂ ಕಾಣುತ್ತದೆ, ಅವನು ಆ ದಾರಿ ಬಿಟ್ಟು ನಡೆಯುವುದನ್ನೂ ನೋಡುತ್ತೇವೆ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಪಾತ್ರ ಪೇಲವವಾಗುತ್ತದೆ. ಮುಂದಿನ ಹಂತಗಳೆಲ್ಲ ಈ ಮೂರನ್ನೂ ಚಿತ್ರಕಥೆಯಲ್ಲಿ ಸಾಧಿಸುವ ಬಗೆಯನ್ನು ಕುರಿತವು.

ಹೇಳುವುದು ಗಾಳಿಯಲ್ಲಿ ತೇಲಬಾರದೆಂದು ಒಂದು ಕಲ್ಪಿತ ಪಾತ್ರವನ್ನು ಇಟ್ಟುಕೊಳ್ಳೋಣ. ಮಂಡ್ಯ ಕಡೆಯ ಒಂದು ಹಳ್ಳಿ, ಅಲ್ಲೊಂದು ಹಾಲು ಉತ್ಪಾದಕರ ಸಹಕಾರ ಸಂಘ. ಅದರ ಕಾರ್ಯದರ್ಶಿ ಐವತ್ತು ದಾಟಿದವನು. ಡೇರಿಯನ್ನು ಕಟ್ಟಿ ಬೆಳೆಸಿದವನು, ಊರಿಗೆ ಬೇಕಾದವನು. ಹಾಲಿನ ಬೆಲೆ ನಿಂತಿರುವುದು ಅದರಲ್ಲಿರುವ ಕೊಬ್ಬಿನ ಅಂಶದ, ಅಂದರೆ ಫ್ಯಾಟಿನ ಮೇಲೆ. ಹಾಲು ಹಾಕುವವರ ಆ ಫ್ಯಾಟಿನ ಲೆಕ್ಕವನ್ನು ಪುಸ್ತಕದಲ್ಲಿ ಒಂದಿಷ್ಟು ಇಳಿಸಿ ಬರೆಯುತ್ತ ಬಂದಿದ್ದಾನೆ. ಹೊಸದಾಗಿ ಸೇರಿದ ಹಾಲು ಪರೀಕ್ಷಕಿ, ಅದೇ ಊರಿನ ವಿಧವೆಯೊಬ್ಬಳ ಮಗಳು, ಯಂತ್ರದ ಚೀಟಿಗೂ ಪುಸ್ತಕಕ್ಕೂ ಇರುವ ಅಂತರವನ್ನು ಕಂಡುಹಿಡಿಯುತ್ತಾಳೆ. ಕಥೆಯ ನಾಯಕಿ ಅವಳು. ನಾವು ಕಟ್ಟಬೇಕಾದ ಖಳ ಕಾರ್ಯದರ್ಶಿ. ಕೊಲೆಗಾರನನ್ನೋ ಭೂಗತ ದೊರೆಯನ್ನೋ ಬಿಟ್ಟು ಇಂಥವನನ್ನು ಆರಿಸಿದ್ದಕ್ಕೆ ಕಾರಣವಿದೆ: ಕೆಡುಕು ಚಿಕ್ಕದಿದ್ದಾಗ ಅದರ ಕೀಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಹಂತ 1: ಬಯಕೆಯ ಕೆಳಗಿರುವ ಹಟವನ್ನು ಹುಡುಕಿ

ಈ ಪಾಠಕ್ಕೆ ಕನ್ನಡದ ಬರಹಗಾರ ದೂರ ಹೋಗಬೇಕಾಗಿಲ್ಲ. ಸಾವಿರ ವರ್ಷಗಳ ಹಿಂದೆ ರನ್ನ ‘ಗದಾಯುದ್ಧ’ ಬರೆದಾಗ ಅವನ ಕಾವ್ಯದ ನಾಯಕ ಭೀಮ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿಯೇ ಬರೆದ. ಆದರೂ ಓದಿದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ಸಂಜಯನೊಂದಿಗೆ ಹೆಣಗಳ ನಡುವೆ ನಡೆಯುವ ಅವನ ಪ್ರಯಾಣವನ್ನು ಚಿತ್ರಕಥೆ ಬರೆಯುವ ಪ್ರತಿಯೊಬ್ಬರೂ ಮೈಮೇಲೆ ಎಚ್ಚರವಿಟ್ಟು ಓದಬೇಕು. ದ್ರೋಣನ ಶವ, ಮಗ ಲಕ್ಷಣಕುಮಾರನ ಶವ, ದುಶ್ಶಾಸನನ ಶವ, ಕರ್ಣನ ಶವ ಒಂದೊಂದಾಗಿ ಎದುರಾಗುತ್ತವೆ. ಮಗ ತಂದೆಗೆ ತರ್ಪಣ ಬಿಡಬೇಕಾದ ಕ್ರಮ ತಲೆಕೆಳಗಾಗಿ, ತಂದೆ ಮಗನಿಗೆ ಬಿಡುವಂತಾಯಿತಲ್ಲ ಎಂದು ಅವನು ಹಲುಬುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಶವದ ಮುಂದೆ ನಿಂತು, ಅವನಿಗೆ ಬಂದಂಥ ವೀರಮರಣ ತನಗೂ ಬರಲಿ ಎಂದು ಮನಸಾರೆ ಹಾರೈಸಿಕೊಳ್ಳುತ್ತಾನೆ.

ಇಷ್ಟೆಲ್ಲ ಆದಮೇಲೂ ಸಂಧಿಯ ಮಾತು ಬಂದರೆ ಅವನ ಉತ್ತರ: “ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ.” ನೆಲಕ್ಕಾಗಿ ಕಾದುತ್ತಿದ್ದೇನೆ ಎಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳುನೆಲ ಎನ್ನುತ್ತಾನೆ. ಯುದ್ಧ ಶುರುವಾದದ್ದು ರಾಜ್ಯಕ್ಕಾಗಿ, ಈಗ ರಾಜ್ಯವೇ ಬೇಡವಾಗಿದೆ, ಹಟ ಮಾತ್ರ ಉಳಿದಿದೆ. ಆ ಹಟದ ಬೇರಿನಲ್ಲಿರುವುದು ಗೆಳೆಯನ ಮೇಲಿನ ಪ್ರೀತಿ. ಖಳನ ಹೊರಗಿನ ಬಯಕೆ ಮತ್ತು ಒಳಗಿನ ಹಟ ಬೇರೆಬೇರೆಯಾಗಿದ್ದು, ಆ ಹಟ ನಮಗೂ ಪ್ರಿಯವಾದ ಗುಣವೊಂದರಿಂದ ಹುಟ್ಟಿರಬೇಕು. ಪ್ರೀತಿ, ನಿಷ್ಠೆ, ಸ್ವಾಭಿಮಾನ, ಊರಿನ ಮೇಲಿನ ಅಕ್ಕರೆ, ಯಾವುದಾದರೂ ಆಗಬಹುದು.

ನಮ್ಮ ಕಾರ್ಯದರ್ಶಿಗೆ ಹೊರಗಿನಿಂದ ನೋಡಿದರೆ ಹಣ ಬೇಕು. ಒಳಗೆ ಬೇಕಾಗಿರುವುದು ‘ಈ ಸಂಘ ನನ್ನದು, ನಾನಿಲ್ಲದಿದ್ದರೆ ಇದು ಉಳಿಯುವುದಿಲ್ಲ’ ಎಂಬ ನಂಬಿಕೆ. ಈ ಎರಡನ್ನೂ ಒಂದೊಂದು ವಾಕ್ಯದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಎರಡನೆಯ ವಾಕ್ಯ ಬರೆಯಲಾಗದಿದ್ದರೆ ದೃಶ್ಯ ಬರೆಯಲು ಕೂರಬೇಡಿ.

ಹಂತ 2: ಕೆಡುಕನ್ನು ಮೆಟ್ಟಿಲುಗಳಾಗಿ ಕಡಿಯಿರಿ, ಪ್ರತಿ ಮೆಟ್ಟಿಲಿಗೂ ಒಂದು ಬಾಗಿಲಿಡಿ

ಯಾರೂ ಒಂದೇ ಹಗಲಲ್ಲಿ ಖಳರಾಗುವುದಿಲ್ಲ. ಕಾರ್ಯದರ್ಶಿಯ ಇಳಿಜಾರನ್ನು ಹೀಗೆ ಕಡಿಯಬಹುದು. ವರ್ಷಗಳ ಹಿಂದೆ ಒಂದು ಬಡ ಮನೆಯ ಹಸು ಸತ್ತಿತು. ಗಂಡ ಆಸ್ಪತ್ರೆಯಲ್ಲಿದ್ದ. ಕಾರ್ಯದರ್ಶಿ ಸಂಘದ ಪೆಟ್ಟಿಗೆಯಿಂದ ಚೀಟಿ ಬರೆಯದೆ ಹಣ ಕೊಟ್ಟ. ಗಂಡ ಬದುಕಲಿಲ್ಲ, ಹಣ ಮರಳಲಿಲ್ಲ. ಲೆಕ್ಕಪರಿಶೋಧನೆ ಹತ್ತಿರ ಬಂತು. ಎಲ್ಲರ ಫ್ಯಾಟಿನಲ್ಲೂ ಚೂರು ಚೂರು ಇಳಿಸಿ ಬರೆದು ಆ ಕಂದಕವನ್ನು ತುಂಬಿದ. 4.2 ಇದ್ದಲ್ಲಿ 4.0 ಎಂದು ಬರೆದರೆ ಹಾಲು ಹಾಕುವವರ ಕಣ್ಣಿಗೆ ಬೀಳುವುದಿಲ್ಲ. ಕಂದಕ ತುಂಬಿದ ಮೇಲೂ ನಿಲ್ಲಿಸಲಿಲ್ಲ, ಏಕೆಂದರೆ ರಾತ್ರಿ ಹೊತ್ತು ಕಷ್ಟ ಹೇಳಿಕೊಂಡು ಬರುವವರಿಗೆ ಕೊಡಲು ಕೈಯಲ್ಲಿ ಹಣವಿತ್ತು, ಹಾಗೆ ಕೊಡುವಾಗ ಸಿಗುವ ಗೌರವ ರುಚಿಸಿತ್ತು. ಕೊನೆಗೆ ಪರೀಕ್ಷಕಿ ಕೇಳಿದಾಗ ಆ ಕಳ್ಳತನವನ್ನು ಅವಳ ತಲೆಗೇ ಕಟ್ಟಿದ.

ಮೊದಲನೆಯದು ದಯೆ, ಕೊನೆಯದು ಕ್ರೌರ್ಯ. ನಡುವೆ ಎಲ್ಲಿಯೂ ಜಿಗಿತವಿಲ್ಲ. ಇನ್ನು ಪ್ರತಿ ಮೆಟ್ಟಿಲಿನ ಪಕ್ಕದಲ್ಲಿ ಹೊರಹೋಗುವ ಬಾಗಿಲೊಂದನ್ನು ತೋರಿಸಬೇಕು, ಅದೂ ಮಾತಿನಲ್ಲಿ ಅಲ್ಲ, ಪರದೆಯ ಮೇಲೆ. ಲೆಕ್ಕಪರಿಶೋಧಕ ಟೀ ಕುಡಿಯುತ್ತ “ಏನಾದರೂ ವ್ಯತ್ಯಾಸವಿದ್ದರೆ ಈಗಲೇ ಹೇಳಿಬಿಡಿ, ಸರಿಪಡಿಸೋಣ” ಎನ್ನಲಿ. ಹೆಂಡತಿ ತನ್ನ ಸರವನ್ನು ಬಿಚ್ಚಿ ಮಂಚದ ಮೇಲಿಡಲಿ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದೂ ಅವನು ಅದನ್ನು ದಾಟಿಹೋದಾಗಲೇ ಪ್ರೇಕ್ಷಕನ ಕನಿಕರಕ್ಕೆ ಸಿಟ್ಟು ಬೆರೆಯುತ್ತದೆ. ಆ ಬೆರಕೆ ಸಿಕ್ಕಿದರೆ ಪಾತ್ರಕ್ಕೆ ಜೀವ ಬಂದಂತೆ.

ಹಂತ 3: ಅವನು ತನಗೆ ತಾನೇ ಹೇಳಿಕೊಳ್ಳುವ ಸಮಜಾಯಿಷಿಗಳನ್ನು ಬರೆಯಿರಿ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡಿ ಎನ್ನುವುದು ಈ ಹಂತಕ್ಕೆ. ತಪ್ಪು ಮಾಡುವವರು ಕೂಡ ಸಮಾಜದ ನೀತಿಯನ್ನು ಒಪ್ಪಿಕೊಂಡಿರುತ್ತಾರೆ. ತಮ್ಮ ಸರದಿ ಬಂದಾಗ ಮಾತ್ರ ಅದಕ್ಕೊಂದು ವಿನಾಯಿತಿ ಹುಡುಕಿಕೊಳ್ಳುತ್ತಾರೆ. 1957ರಲ್ಲಿ ಅಮೆರಿಕದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಸಮಾಜಶಾಸ್ತ್ರಜ್ಞರು, ದಾರಿತಪ್ಪಿದ ಹುಡುಗರು ಹೂಡುವ ಇಂಥ ವಿನಾಯಿತಿಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಸಂಭಾಷಣೆ ಬರೆಯುವವರಿಗೆ ಇದರಷ್ಟು ಉಪಯುಕ್ತವಾದ ಪಟ್ಟಿ ಮತ್ತೊಂದು ನನಗೆ ಸಿಕ್ಕಿಲ್ಲ. ಕಾರ್ಯದರ್ಶಿಯ ಬಾಯಲ್ಲಿ ಅವು ಹೀಗೆ ಬರುತ್ತವೆ.

ಹೊಣೆ ನನ್ನದಲ್ಲ ಎನ್ನುವುದು ಮೊದಲನೆಯದು: “ಆಡಿಟ್‌ನವರು ಒಂದು ತಿಂಗಳು ತಡವಾಗಿ ಬಂದಿದ್ದರೆ ನಾನೇಕೆ ಹೀಗೆ ಮಾಡುತ್ತಿದ್ದೆ?” ಯಾರಿಗೂ ಹಾನಿಯಾಗಿಲ್ಲ ಎನ್ನುವುದು ಎರಡನೆಯದು: “ಒಂದೆರಡು ಪಾಯಿಂಟ್ ಕಡಿಮೆ ಬರೆದರೆ ಯಾರ ಮನೆಯ ಒಲೆ ಆರಿಹೋಯಿತು?” ಹಾನಿಯಾದರೂ ಅವರಿಗೆ ಅದು ತಕ್ಕದ್ದೇ ಎನ್ನುವುದು ಮೂರನೆಯದು: “ಹಾಲಿಗೆ ನೀರು ಬೆರೆಸದವರು ಈ ಊರಲ್ಲಿ ಎಷ್ಟು ಜನ ಇದ್ದಾರೆ, ನೀನೇ ಹೇಳು.” ಬೆರಳು ತೋರಿಸುವವರ ಕಡೆಗೇ ಬೆರಳು ತಿರುಗಿಸುವುದು ನಾಲ್ಕನೆಯದು: “ಒಕ್ಕೂಟದಲ್ಲಿ ಕುಳಿತವರ ಲೆಕ್ಕ ತೆಗೆಸು ಮೊದಲು, ಆಮೇಲೆ ನನ್ನ ಹತ್ತಿರ ಬಾ.” ದೊಡ್ಡದೊಂದಕ್ಕಾಗಿ ಮಾಡಿದೆ ಎನ್ನುವುದು ಐದನೆಯದು: “ಅವತ್ತು ಸಂಘ ಮುಚ್ಚಿದ್ದರೆ ಊರಿಗೆ ಊರೇ ಮತ್ತೆ ದಲ್ಲಾಳಿಗಳ ಕೈಗೆ ಬೀಳುತ್ತಿತ್ತು.”

ಐದನ್ನೂ ಒಂದೇ ದೃಶ್ಯದಲ್ಲಿ ಸುರಿದರೆ ಅದು ಭಾಷಣವಾಗುತ್ತದೆ. ಇಡೀ ಚಿತ್ರದ ಉದ್ದಕ್ಕೂ ಹರಡಿ. ಒಂದನ್ನು ಅವನ ನೆಚ್ಚಿನ ಮಾತಾಗಿಸಿ. ನಮ್ಮವನಿಗೆ ಐದನೆಯದು, ಏಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಸಂಘ ಇಲ್ಲದ ಕಾಲದಲ್ಲಿ ಅಳತೆಯಲ್ಲಿ, ಬೆಲೆಯಲ್ಲಿ ಮೋಸಹೋದ ಹಳ್ಳಿಗಳ ನೆನಪು ಇನ್ನೂ ಇರುವಾಗ ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೂರನೆಯದು ಅವನಿಗೇ ಹೇಸಿಗೆ ತರುವಂಥದ್ದು. ಅದನ್ನು ಕೊನೆಯವರೆಗೂ ಅವನ ನಾಲಗೆಯಿಂದ ದೂರವಿಡಿ. ಸಿಕ್ಕಿಬೀಳುವ ರಾತ್ರಿ ಅದು ಹೊರಬಂದಾಗ, ಅವನು ಎಷ್ಟು ಕೆಳಗಿಳಿದಿದ್ದಾನೆ ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.

ಸಂಬೋಧನೆಯನ್ನೂ ಹೀಗೆಯೇ ಬಳಸಿಕೊಳ್ಳಿ. ಪರೀಕ್ಷಕಿ ಚಿಕ್ಕಂದಿನಿಂದ ಅವನನ್ನು ‘ದೊಡ್ಡಪ್ಪ’ ಎಂದು ಕರೆದವಳು. ಲೆಕ್ಕದ ಬಗ್ಗೆ ಮೊದಲ ಸಲ ಕೇಳುವಾಗಲೂ “ದೊಡ್ಡಪ್ಪ, ಇದು ಯಾಕೋ ತಾಳೆಯಾಗುತ್ತಿಲ್ಲ” ಎಂದೇ ಕೇಳುತ್ತಾಳೆ. ಅವನು “ನೋಡಮ್ಮ, ನಿನಗಿನ್ನೂ ಹೊಸದು” ಎನ್ನುತ್ತಾನೆ. ಸರ್ವ ಸದಸ್ಯರ ಸಭೆಯಲ್ಲಿ ಅವಳು ಎದ್ದುನಿಂತು “ಕಾರ್ಯದರ್ಶಿಗಳೇ” ಎಂದ ಗಳಿಗೆಗೆ ಹಿನ್ನೆಲೆ ಸಂಗೀತ ಬೇಕಿಲ್ಲ.

ಹಂತ 4: ಅವನು ಯಾವುದಕ್ಕೆ ಹೆದರುತ್ತಾನೆ ಎಂಬುದನ್ನು ಖಚಿತಮಾಡಿಕೊಳ್ಳಿ

‘ನಾನು ತಪ್ಪು ಮಾಡಿದೆ’ ಎಂಬ ಪಾಪಪ್ರಜ್ಞೆ ಬೇರೆ, ‘ನಾನೇ ಕೆಟ್ಟವನೆಂದು ಎಲ್ಲರಿಗೂ ಗೊತ್ತಾಗುತ್ತದೆ’ ಎಂಬ ಅವಮಾನದ ಭಯ ಬೇರೆ. ಮೊದಲನೆಯದು ಕ್ಷಮೆ ಕೇಳುವ ಕಡೆಗೆ, ಸರಿಪಡಿಸುವ ಕಡೆಗೆ ಮನುಷ್ಯನನ್ನು ತಳ್ಳುತ್ತದೆ. ಎರಡನೆಯದು ಮುಚ್ಚಿಡುವ ಕಡೆಗೆ, ಬೇರೆಯವರ ಮೇಲೆ ಎರಗುವ ಕಡೆಗೆ. ನಿಮ್ಮ ಖಳನೊಳಗೆ ಎರಡೂ ಇರಲಿ, ನಿರ್ಣಾಯಕ ಹೊತ್ತಿನಲ್ಲಿ ಎರಡನೆಯದು ಗೆಲ್ಲಲಿ. ಕಾರ್ಯದರ್ಶಿಗೆ ಜೈಲಿನ ಭಯವಿಲ್ಲ. ಸಂತೆಯ ದಿನ ಎದುರು ಬರುವವರು ನಮಸ್ಕಾರ ಹೇಳದೆ ಮುಖ ತಿರುಗಿಸಿ ಹೋದರೆ ಎಂಬ ಭಯ. ಪರೀಕ್ಷಕಿಯ ಮೇಲೆ ಆರೋಪ ಹೊರಿಸುವುದು ಆ ಭಯದಿಂದಲೇ, ದ್ವೇಷದಿಂದಲ್ಲ. ದ್ವೇಷವಿದ್ದರೆ ಬರೆಯುವುದು ಸುಲಭ, ನೋಡುವುದೂ ಸುಲಭ.

ಅವನಿಗೆ ಒಂದು ಕಸುಬಿನ ಹಿಡಿತವನ್ನೂ ಕೊಡಿ. ಕ್ಯಾನಿನ ಮುಚ್ಚಳ ತೆಗೆದು ಮೂಸಿದ ಕೂಡಲೇ ಹಾಲು ಕೆಡುವ ಹಂತದಲ್ಲಿದೆ ಎಂದು ಹೇಳಬಲ್ಲವನಾಗಿರಲಿ. ಅದನ್ನು ಪರೀಕ್ಷಕಿಗೆ ಕಲಿಸಿಕೊಟ್ಟವನೂ ಅವನೇ ಆಗಿರಲಿ. ಕೆಲಸವನ್ನು ಚೆನ್ನಾಗಿ ಬಲ್ಲವನನ್ನು ನಾವು ನಮಗೆ ತಿಳಿಯದಂತೆಯೇ ಮೆಚ್ಚುತ್ತೇವೆ.

ಹಂತ 5: ಕ್ಯಾಮೆರಾವನ್ನು ಅವನ ಆತಂಕದ ಪಕ್ಕ ಇಡಿ

ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದಲ್ಲಿ ನಾರ್ಮನ್ ಬೇಟ್ಸ್ ಕೊಲೆಯಾದ ಹೆಣ್ಣಿನ ಶವವನ್ನು ಕಾರಿನಲ್ಲಿಟ್ಟು ಜೌಗಿಗೆ ತಳ್ಳುತ್ತಾನೆ. ಕಾರು ಮುಳುಗುತ್ತ ಹೋಗಿ ಅರ್ಧಕ್ಕೆ ನಿಂತುಬಿಡುತ್ತದೆ. ಅವನು ಅತ್ತಿತ್ತ ನೋಡುತ್ತಾನೆ. ಆ ಕೆಲವು ಕ್ಷಣ ನಾವೂ ಉಸಿರು ಹಿಡಿದು ‘ಮುಳುಗಲಿ’ ಎಂದು ಬಯಸುತ್ತೇವೆ. ಅದಕ್ಕೆ ಮೊದಲು ಅವನು ನೆಲ ತೊಳೆಯುವುದನ್ನು, ಒರೆಸುವುದನ್ನು, ಸಾಮಾನು ಜೋಡಿಸುವುದನ್ನು ಸಾವಕಾಶವಾಗಿ ತೋರಿಸಿರುವುದರಿಂದಲೇ ಇದು ಸಾಧ್ಯವಾಗುತ್ತದೆ. ಒಬ್ಬ ಮನುಷ್ಯ ಕಷ್ಟಪಟ್ಟು ಮಾಡುವ ಕೆಲಸವನ್ನು ಆರಂಭದಿಂದ ನೋಡಿದರೆ, ಅದು ಎಂಥ ಕೆಲಸವೇ ಆಗಲಿ, ಮುಗಿಯಲಿ ಎಂಬ ಆಸೆ ನೋಡುವವರಲ್ಲಿ ಹುಟ್ಟುತ್ತದೆ.

ಆದ್ದರಿಂದ ಕಾರ್ಯದರ್ಶಿ ಬಟವಾಡೆಯ ಹಿಂದಿನ ರಾತ್ರಿ ಪುಸ್ತಕ ತಿದ್ದುವುದನ್ನು ಕತ್ತರಿಸಿ ಮುಗಿಸಬೇಡಿ. ಒಂದೊಂದು ಅಂಕಿಯನ್ನೂ ತೋರಿಸಿ. ಹಳೆಯ ಶಾಯಿಗೂ ಹೊಸ ಶಾಯಿಗೂ ಬಣ್ಣ ಹೊಂದುತ್ತಿಲ್ಲ. ಕರೆಂಟು ಹೋಗುತ್ತದೆ. ಬಾಗಿಲು ತಟ್ಟಿದ ಸದ್ದಾಗುತ್ತದೆ. ಸಿಕ್ಕಿಬೀಳದಿರಲಿ ಎಂದು ಪ್ರೇಕ್ಷಕ ಬಯಸುವ ಹೊತ್ತಿಗೆ ಬಾಗಿಲಲ್ಲಿ ಪರೀಕ್ಷಕಿಯ ತಾಯಿ ನಿಂತಿರಲಿ. ಸೆರಗಿನ ಗಂಟು ಬಿಚ್ಚಿ, ಹಳೆಯ ಸಾಲದ ಬಾಬತ್ತು ಇನ್ನೂರು ರೂಪಾಯಿ ಎಂದು ಮುಂದೆ ಹಿಡಿಯಲಿ. ಮೊದಲ ಮೆಟ್ಟಿಲಿನಲ್ಲಿ ಹಣ ಪಡೆದ ಮನೆ ಇದೇ ಎಂಬುದು ನಮಗೆ ಇಲ್ಲಿ ತಿಳಿಯುತ್ತದೆ. ಮಗಳಿಗೆ ಆ ವಿಷಯ ತಿಳಿಯದು.

ಹಂತ 6: ನೊಂದವರು ಪರದೆಯಿಂದ ಮರೆಯಾಗದಿರಲಿ

ಖಳನ ಮನಸ್ಸಿನೊಳಗೆ ಇಳಿಯುವ ಉತ್ಸಾಹದಲ್ಲಿ ಬಹಳಷ್ಟು ಚಿತ್ರಗಳು ಅವನಿಂದ ಹಾಳಾದವರನ್ನು ಮರೆಯುತ್ತವೆ. ಇದು ಬರಹಗಾರನ ಅನ್ಯಾಯ. ಕಲೆಯ ದೃಷ್ಟಿಯಿಂದಲೂ ದೋಷ. ಫ್ರಿಟ್ಜ್ ಲಾಂಗ್ 1931ರ ‘ಎಂ’ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವವನ ಕಥೆಯನ್ನು ಎತ್ತಿಕೊಂಡ. ಆದರೆ ಮೊದಲು ತೋರಿಸಿದ್ದು ಊಟದ ತಟ್ಟೆ ಇಟ್ಟು ಮಗಳಿಗಾಗಿ ಕಾಯುವ ತಾಯಿಯನ್ನು. ಮಗು ಬರುವುದಿಲ್ಲ. ಅವಳ ಚೆಂಡು ಹುಲ್ಲಿನ ಮೇಲೆ ಉರುಳುತ್ತದೆ, ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಚಿತ್ರದ ಕೊನೆಯ ಭಾಗದಲ್ಲಿ ಅಪರಾಧಿಗಳೇ ನಡೆಸುವ ನ್ಯಾಯಸಭೆಯ ಮುಂದೆ ಪೀಟರ್ ಲೋರೆ ಅಭಿನಯಿಸಿದ ಆ ಕೊಲೆಗಾರ, ತನ್ನನ್ನು ತಾನು ತಡೆಯಲಾಗುವುದಿಲ್ಲ ಎಂದು ಕಿರುಚುತ್ತಾನೆ. ಆಗ ನಮಗೆ ಅವನ ಮೇಲೆ ಮರುಕ ಹುಟ್ಟುತ್ತದೆ, ಆ ಖಾಲಿ ತಟ್ಟೆಯೂ ಕಣ್ಣ ಮುಂದಿರುತ್ತದೆ. ಕ್ರಮ ಹಿಂದುಮುಂದಾಗಿದ್ದರೆ ಚಿತ್ರ ಅವನ ವಕಾಲತ್ತು ಆಗಿಬಿಡುತ್ತಿತ್ತು.

ನಮ್ಮ ಕಥೆಯಲ್ಲಿ ಇಳಿಸಿ ಬರೆದ ಫ್ಯಾಟಿನ ಬೆಲೆ ಯಾರ ಮನೆಯಲ್ಲಿ ಕಾಣುತ್ತದೆ? ಬಟವಾಡೆಯ ದಿನ ಹಿಂಡಿ ಮೂಟೆಯ ಬದಲು ಅರ್ಧ ಮೂಟೆ ಕೊಳ್ಳುವ ಒಬ್ಬ ಮುದುಕನನ್ನು ಎರಡು ಸಲ ತೋರಿಸಿದರೆ ಸಾಕು.

ಹಂತ 7: ನಾಯಕಿಗೆ ಉತ್ತರ ಸಿಗದಂಥ ಪ್ರಶ್ನೆಯನ್ನು ಅವನಿಗೆ ಕೊಡಿ

ಕರಾವಳಿ, ಮಲೆನಾಡಿನಲ್ಲಿ ಯಕ್ಷಗಾನವನ್ನು ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತನಾಡುವ ಅರ್ಥಧಾರಿ ಇಂದು ರಾಮನಾದರೆ ನಾಳೆ ವಾಲಿಯಾಗುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ ಆಧಾರ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳುವಾಗ ಒಳ್ಳೆಯ ಅರ್ಥಧಾರಿ ರಾಮನಿಗೆ ಸುಲಭದ ದಾರಿ ಬಿಟ್ಟುಕೊಡುವುದಿಲ್ಲ. ಈ ಶಿಸ್ತು ಚಿತ್ರಕಥೆಗಾರನಿಗೆ ಬೇಕು. ಇಬ್ಬರು ಗೆಳೆಯರನ್ನು ಎದುರುಬದುರು ಕೂರಿಸಿ, ಒಬ್ಬರಿಗೆ ಕಾರ್ಯದರ್ಶಿಯ ಪಕ್ಷ, ಇನ್ನೊಬ್ಬರಿಗೆ ಪರೀಕ್ಷಕಿಯ ಪಕ್ಷ ಕೊಟ್ಟು ಬಾಯಿಗೆ ಬಂದಂತೆ ವಾದಿಸಲು ಬಿಡಿ. ಬರೆದುಕೊಳ್ಳಿ. ಕಾರ್ಯದರ್ಶಿ ಬೇಗ ಸೋತರೆ ನಿಮ್ಮ ಪಾತ್ರ ಇನ್ನೂ ದುರ್ಬಲವಾಗಿದೆ ಎಂದರ್ಥ.

ಅವನ ವಾದ ನಾಯಕ ಪಾತ್ರವನ್ನು ಬದಲಾಯಿಸಬೇಕು ಕೂಡ. ‘ಬ್ಲ್ಯಾಕ್ ಪ್ಯಾಂಥರ್’ (2018) ಚಿತ್ರದ ಖಳ ಕಿಲ್‌ಮಾಂಗರ್‌ನ ಪ್ರಶ್ನೆ, ವಕಾಂಡ ಎಂಬ ಇಷ್ಟು ಬಲವುಳ್ಳ ಕಲ್ಪಿತ ಆಫ್ರಿಕನ್ ನಾಡು ಹೊರಗೆ ನರಳುತ್ತಿರುವ ಕಪ್ಪು ಜನರನ್ನು ಏಕೆ ಕಾಯಲಿಲ್ಲ ಎಂಬುದು. ಅವನ ದಾರಿ ರಕ್ತದ್ದು. ತನ್ನ ಜೊತೆಗಾತಿಯನ್ನೇ ಹಿಂದೆಮುಂದೆ ನೋಡದೆ ಕೊಲ್ಲುವವನು. ಆದರೂ ಅವನನ್ನು ಸೋಲಿಸಿದ ದೊರೆ ತನ್ನ ಹಿರಿಯರು ತಪ್ಪಿದರೆಂದು ಒಪ್ಪುತ್ತಾನೆ, ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ನೆರವಿನ ಕೇಂದ್ರ ತೆರೆಯುತ್ತಾನೆ. ಖಳ ಸಾಯುತ್ತಾನೆ, ಅವನ ಪ್ರಶ್ನೆ ಉಳಿಯುತ್ತದೆ. ಪರೀಕ್ಷಕಿ ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತ ಮೊದಲ ವಾರವೇ ಹಸು ಕಳೆದುಕೊಂಡ ಮನೆಯವರು ಬಂದು ಕೈ ಜೋಡಿಸಿದರೆ ಅವಳು ಏನು ಮಾಡುತ್ತಾಳೆ? ಈ ದೃಶ್ಯ ಬರೆಯದೆ ಚಿತ್ರ ಮುಗಿಸಬೇಡಿ.

ಹಂತ 8: ಗತವನ್ನು ಕಡಿಮೆ ಹೇಳಿ, ರೋಗವನ್ನು ಹೊಣೆಯಾಗಿಸಬೇಡಿ

ಹಿಂದಿನ ಕಥೆ ಬೇಕೇ ಬೇಕೆಂದರೆ ರನ್ನನ ಸಿಂಹಾವಲೋಕನದ ಕ್ರಮ ನೋಡಿ: ಪಾತ್ರ ಮುಂದೆ ನಡೆಯುತ್ತಿರುತ್ತದೆ, ಹಿಂದಿನದು ಆಗಾಗ ಕಾಣುತ್ತದೆ. ನಿರ್ಧಾರ ತೆಗೆದುಕೊಳ್ಳಬೇಕಾದ ಗಳಿಗೆಯಲ್ಲೇ ಹಳೆಯದು ಎದುರಾಗಬೇಕು. ಬಿಡುವಿನ ಹೊತ್ತಿನಲ್ಲಿ ಬರುವ ಫ್ಲ್ಯಾಶ್‌ಬ್ಯಾಕ್ ಮಾಹಿತಿ ಮಾತ್ರ ಕೊಡುತ್ತದೆ.

ಮಾನಸಿಕ ಕಾಯಿಲೆಯನ್ನು ಕ್ರೌರ್ಯದ ಕಾರಣವಾಗಿ ತೋರಿಸುವ ಚಾಳಿಯನ್ನು ದಯವಿಟ್ಟು ಬಿಡಿ. ಅಂಥ ಕಾಯಿಲೆಯಿಂದ ಬಳಲುವವರಲ್ಲಿ ಬಹುಪಾಲು ಜನ ಯಾರಿಗೂ ಹಿಂಸೆ ಮಾಡುವವರಲ್ಲ. ಪರದೆಯ ಮೇಲಿನ ಈ ಸುಳ್ಳನ್ನು ಅವರು ಬೀದಿಯಲ್ಲಿ, ಮನೆಯಲ್ಲಿ ಅನುಭವಿಸಬೇಕಾಗುತ್ತದೆ. ಕಥೆಗೂ ಇದರಿಂದ ನಷ್ಟವೇ. ‘ಸೈಕೋ’ ಚಿತ್ರದ ಕೊನೆಯಲ್ಲಿ ಮನೋವೈದ್ಯ ಬಂದು ಎಲ್ಲವನ್ನೂ ವಿವರಿಸುವ ದೃಶ್ಯ ಆ ಚಿತ್ರದ ಅತ್ಯಂತ ಸಪ್ಪೆ ಭಾಗ ಎಂದು ನನ್ನ ಅಭಿಪ್ರಾಯ. ಮನುಷ್ಯನೊಬ್ಬನಿಗೆ ಹೆಸರಿನ ಚೀಟಿ ಅಂಟಿಸಿದ ಕೂಡಲೇ ಅವನ ಬಗ್ಗೆ ಯೋಚಿಸುವುದನ್ನು ನಾವು ನಿಲ್ಲಿಸುತ್ತೇವೆ.

ಹಂತ 9: ಕೊನೆಯಲ್ಲಿ ಅವನ ಪರವಾಗಿ ಅವನೇ ಮಾತಾಡದಿರಲಿ

ಸರ್ವ ಸದಸ್ಯರ ಸಭೆ. ಕಾರ್ಯದರ್ಶಿ ಹುಡುಗಿಯ ಮೇಲೆ ಆರೋಪ ಹೊರಿಸಿದ್ದಾನೆ. ಅವಳು ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಹಾಕಿದ್ದಾಳೆ. ಊರು ತಿರುಗಿಬಿದ್ದಿದೆ. ತನ್ನನ್ನು ಉಳಿಸಬಲ್ಲ ಒಂದೇ ಸತ್ಯ ಅವನ ಬಳಿ ಇದೆ: ಮೊದಲ ಹಣ ಹೋದದ್ದು ಇದೇ ಹುಡುಗಿಯ ಅಪ್ಪನ ಆಸ್ಪತ್ರೆಯ ಖರ್ಚಿಗೆ. ಹೇಳಿದರೆ ಊರು ಕರಗುತ್ತದೆ, ಹುಡುಗಿ ಕುಸಿಯುತ್ತಾಳೆ. ಅವನು ಹೇಳುವುದಿಲ್ಲ. ಅವಳ ಹೆಸರಿಗೆ ಮಸಿ ಬಳಿದ ಅದೇ ಮನುಷ್ಯ ಈ ಒಂದು ಮಾತನ್ನು ಮಾತ್ರ ನುಂಗಿಕೊಳ್ಳುತ್ತಾನೆ. ಎರಡೂ ಅವನೇ. ಇದಕ್ಕೆ ಕಾರಣ ಏನೆಂದು ಯಾವ ಪಾತ್ರವೂ ವಿವರಿಸಬಾರದು.

ಆ ಸತ್ಯ ಹೊರಬರಲೇಬೇಕಾದರೆ ತಾಯಿಯ ಬಾಯಿಂದ ಬರಲಿ. ಅವನೇ ಹೇಳಿದರೆ ಅದು ಬೇಡಿಕೊಳ್ಳುವುದಾಗುತ್ತದೆ, ಅವಳು ಹೇಳಿದರೆ ಸಾಕ್ಷಿಯಾಗುತ್ತದೆ. ಕೇಳಿದ ಮಗಳು ಅವನನ್ನು ತಕ್ಷಣ ಕ್ಷಮಿಸುವಂತೆಯೂ ಬರೆಯಬೇಡಿ. ದೂರನ್ನು ಹಿಂತೆಗೆದುಕೊಳ್ಳದೆ, ಅಪ್ಪನ ಸಾಲವನ್ನು ತನ್ನ ಸಂಬಳದಿಂದ ಸಂಘಕ್ಕೆ ಕಟ್ಟುತ್ತೇನೆ ಎಂದು ಅವಳು ನಡಾವಳಿ ಪುಸ್ತಕದಲ್ಲಿ ಬರೆಸಲಿ. ಅದರ ಕೆಳಗೆ ಕಾರ್ಯದರ್ಶಿಯೂ ಸಹಿ ಹಾಕಬೇಕಾಗಿ ಬರಲಿ. ಈ ದೃಶ್ಯದ ಮೊದಲ ಕರಡಿನಲ್ಲಿ ಅವನಿಗೆ ನೀವು ಬರೆದಿರುವ ಸಂಭಾಷಣೆಯಲ್ಲಿ ಅರ್ಧವನ್ನು ಹೊಡೆದುಹಾಕಿ, ನಂತರ ನಟನ ಕೈಗೆ ಕೊಡಿ.